ಕರಿಯ ಪರದೆಗೊಂದು ಅರ್ಜಿ

ನಮ್ಮಪ್ಪ ಸುರಪುರದ ತಹಸೀಲು ಕಚೇರಿಯ ಮುಂದಿನ ಬೇವಿನ ಗಿಡದ ಕೆಳಗೆ ಕೂತು, ಊರವರ ಅರ್ಜಿಗಳನ್ನು ಬರೆದುಕೊಟ್ಟು ನಮ್ಮನ್ನು ಬೆಳೆಸಿದವರು. ನಿಜಾಮರ ಕಾಲದಲ್ಲಿ ಉರ್ದು ಮಾಧ್ಯಮದಲ್ಲಿ ನಾಲ್ಕು ಅಕ್ಷರ ಕಲಿತಿದ್ದರು. 1948ರ ನಂತರ ಕನ್ನಡವನ್ನು ತಾವೇ ತಿದ್ದಿಕೊಂಡರು. ಹೀಗಾಗಿ ಅವರ ಬಾಯಲ್ಲಿ ಅರ್ಜಿಯೂ ಇತ್ತು, ದರಖಾಸ್ತೂ ಇತ್ತು, ಎರಡೂ ಒಂದೇ. ಹಳ್ಳಿಯಿಂದ ಬಂದ ರೈತ ಎದುರಿಗೆ ಕುಕ್ಕರಗಾಲಲ್ಲಿ ಕೂತು ತನ್ನ ದುಃಖವನ್ನೆಲ್ಲ ತೋಡಿಕೊಳ್ಳುತ್ತಿದ್ದ. ಅಣ್ಣ ತಮ್ಮಂದಿರ ಜಗಳ, ಸತ್ತ ಎತ್ತು, ಬಾರದ ಮಳೆ ಎಲ್ಲ ಮುಗಿದ ಮೇಲೆ ಅಪ್ಪ ಕೇಳುತ್ತಿದ್ದುದು ನಾಲ್ಕೇ ಪ್ರಶ್ನೆ: ಯಾರು ಕೇಳ್ತಾರ? ಯಾರಿಗೆ ಕೇಳ್ತಾರ? ಏನು ಕೇಳ್ತಾರ? ಎಷ್ಟು ಕೇಳ್ತಾರ? "ಈ ನಾಕು ಇಲ್ಲಂದ್ರ ಅದು ಅರ್ಜಿ ಅಲ್ಲವ್ವ, ಅಳು" ಎನ್ನುತ್ತಿದ್ದರು.

ಈ ಮಾತು ನನಗೆ ಮತ್ತೆ ನೆನಪಾದದ್ದು ಅಪ್ಪ ತೀರಿಕೊಂಡು ಎಷ್ಟೋ ವರ್ಷದ ಮೇಲೆ, ಶಹಾಪುರ ತಾಲೂಕಿನ ಒಂದು ಸರಕಾರಿ ಪ್ರೌಢಶಾಲೆಯಲ್ಲಿ, ಮುಷ್ಕರ ಹೂಡಿದ ಒಂದು ಪ್ರಿಂಟರಿನ ಮುಂದೆ. ನಗಬೇಡಿ. ಆ ಪ್ರಿಂಟರು ನನಗೆ ಕಲಿಸಿದ ಪಾಠವನ್ನು ನನ್ನ ಬಿ.ಎಡ್. ಕಾಲೇಜು ಕಲಿಸಿರಲಿಲ್ಲ.

ನಾನು ನೌಕರಿಗೆ ಸೇರಿದಾಗ, ಅಂದರೆ 1996ರಲ್ಲಿ, ಪ್ರಶ್ನೆಪತ್ರಿಕೆಗಳು ಸೈಕ್ಲೋಸ್ಟೈಲಿನಲ್ಲಿ ಹುಟ್ಟುತ್ತಿದ್ದವು. ಮೇಣ ಸವರಿದ ಸ್ಟೆನ್ಸಿಲ್ ಹಾಳೆಯ ಮೇಲೆ ಉಕ್ಕಿನ ಮೊನೆಯ ಪೆನ್ನಿನಿಂದ ಕೊರೆದು ಬರೆಯಬೇಕು. ಒತ್ತು ಹೆಚ್ಚಾದರೆ ಹಾಳೆ ಹರಿಯುತ್ತಿತ್ತು, ಕಡಿಮೆಯಾದರೆ ಅಕ್ಷರ ಮೂಡುತ್ತಿರಲಿಲ್ಲ. ತಪ್ಪಾದರೆ ಮೇಲೊಂದು ದ್ರವ ಹಚ್ಚಿ, ಊದಿ ಒಣಗಿಸಿ, ಮತ್ತೆ ಕೊರೆಯಬೇಕು. ರೋಲರು ತಿರುವಿ ತಿರುವಿ ರಟ್ಟೆ ಬಿದ್ದುಹೋಗುತ್ತಿದ್ದವು. ಪರೀಕ್ಷೆಯ ಕಾಲಕ್ಕೆ ನನ್ನ ಸೀರೆಯ ಸೆರಗಿಗೆಲ್ಲ ಮಸಿ. ಆದರೂ ಆ ಯಂತ್ರದಲ್ಲಿ ಒಂದು ಸುಖವಿತ್ತು. ಕೆಟ್ಟರೆ ಎಲ್ಲಿ ಕೆಟ್ಟಿತೆಂದು ಕಣ್ಣಿಗೆ ಕಾಣುತ್ತಿತ್ತು. ಯಾರ ಮೇಲೂ ಅನುಮಾನ ಪಡುವ ಕಾರಣವಿರಲಿಲ್ಲ.

ಕಂಪ್ಯೂಟರ್ ಬಂದದ್ದು ಆಮೇಲೆ. 2011ರ ಸುಮಾರಿಗೆ ನಮ್ಮ ಡಿ.ಎಸ್.ಇ.ಆರ್.ಟಿ.ಯವರು ಐಟಿ ಫಾರ್ ಚೇಂಜ್ ಎಂಬ ಸಂಸ್ಥೆಯ ಜೊತೆ ಸೇರಿ, ವಿಷಯ ಶಿಕ್ಷಕರ ವೇದಿಕೆ ಎಂಬ ಹೆಸರಿನಲ್ಲಿ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಮಾಸ್ತರರಿಗೆ ಕಂಪ್ಯೂಟರ್ ತರಬೇತಿ ಶುರು ಮಾಡಿದರು. ಸಮಾಜ ವಿಜ್ಞಾನದವಳಾದ ನನ್ನ ಪಾಳಿಯೂ ಬಂತು. ಶಹಾಪುರದ ಗುಡ್ಡದಲ್ಲಿ ಮಲಗಿದ ಬುದ್ಧನಿಗೆ ಬಸ್ಸಿನ ಕಿಟಕಿಯಿಂದಲೇ ಕೈ ಮುಗಿದು, ಭೀಮಾ ನದಿಯ ಸೇತುವೆ ದಾಟಿ ಯಾದಗಿರಿಗೆ ಹೋಗಿ ಕಲಿತು ಬಂದೆ. ಅಲ್ಲಿ ಕಲಿಸಿದ್ದು ಉಬುಂಟು. ಅದು ಲಿನಕ್ಸ್ ಜಾತಿಯದು. ದುಡ್ಡು ಕೊಡಬೇಕಿಲ್ಲ, ಯಾರೂ ನಕಲು ಮಾಡಿ ಹಂಚಬಹುದು, ತೆರೆದು ನೋಡಬಹುದು ಎಂದರು. ಹಂಚಬಹುದು ಎಂಬುದು ನನಗೆ ತಿಳಿಯಿತು. ತೆರೆದು ನೋಡುವುದೆಂದರೇನು ಎಂಬುದು ಆಗ ತಿಳಿಯಲಿಲ್ಲ.

ನಮ್ಮ ಶಾಲೆಯ ಲ್ಯಾಬಿನಲ್ಲಿ ಕೆಲವು ಕಂಪ್ಯೂಟರುಗಳು, ಒಂದು ಪ್ರಿಂಟರು. ಗುತ್ತಿಗೆಯ ಮೇಲೆ ಬಂದಿದ್ದ ಹುಡುಗ ಅವನ್ನೆಲ್ಲ ಜೋಡಿಸಿ, ಪ್ರಿಂಟರಿಗೆ 'ಲ್ಯಾಬ್' ಎಂದು ಹೆಸರಿಟ್ಟು, ಗುತ್ತಿಗೆ ಮುಗಿದೊಡನೆ ಹೊರಟುಹೋದ. ಹೋಗುವಾಗ ಪಾಸ್‌ವರ್ಡನ್ನು ದಾಸ್ತಾನು ವಹಿಯ ಕೊನೆಯ ಪುಟದಲ್ಲಿ ಬರೆದಿಟ್ಟು ಹೋಗಿದ್ದ. ಅಂದಿನಿಂದ ಲ್ಯಾಬಿನ ಬೀಗದ ಕೈ ನನ್ನ ಸೊಂಟಕ್ಕೆ ಬಂತು.

2019ರ ಫೆಬ್ರವರಿ 5, ಮಂಗಳವಾರ. ಒಂಬತ್ತನೆಯ ತರಗತಿಯ ಕಿರುಪರೀಕ್ಷೆಗೆ ಒಂದು ಪುಟದ ಪ್ರಶ್ನೆಪತ್ರಿಕೆ ಮಾಡಿ, ನಲವತ್ತೆರಡು ಪ್ರತಿ ಎಂದು ಒತ್ತಿದೆ. ಪ್ರಿಂಟರು ಕಾಗದ ಕಚ್ಚಿಕೊಂಡು ನಿಂತಿತು. ನಾಲ್ಕೂವರೆಯ ಬಸ್ಸು ತಪ್ಪುವ ಹೆದರಿಕೆ. ಕಾಗದವನ್ನು ಜಗ್ಗಿ ತೆಗೆದೆ, ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದೆ, ಬಟನ್ ಆರಿಸಿದೆ, ಮನೆಗೆ ಬಂದೆ. ಕಾಗದ ತೆಗೆದ ಮೇಲೆ ಎಲ್ಲ ಸರಿಯಾಯಿತೆಂದೇ ನನ್ನ ಲೆಕ್ಕ.

ಮರುದಿನ ಮೂರನೆಯ ಪಿರಿಯಡ್ಡಿಗೆ ಅದೇ ತರಗತಿ ಲ್ಯಾಬಿನಲ್ಲಿತ್ತು. ನಾನು ಪ್ರಿಂಟ್ ಒತ್ತಿದೆ, ಬರಲಿಲ್ಲ. ಮತ್ತೆ ಒತ್ತಿದೆ, ಬರಲಿಲ್ಲ. ದೀಪ ಹಸಿರಾಗಿಯೇ ಉರಿಯುತ್ತಿದೆ, ಕಾಗದ ಇದೆ, ಅದು ಮಾತ್ರ ಮಿಸುಕುತ್ತಿಲ್ಲ. ತಿರುಗಿ ನೋಡಿದರೆ ಪ್ರಿಂಟರಿನ ಪಕ್ಕದಲ್ಲೇ ಕೂತ ಹುಡುಗಿಯ ಕೈ ಅದರ ಮುಚ್ಚಳದ ಮೇಲಿತ್ತು. ತರಗತಿಯಲ್ಲಿ ಬಾಯಿ ಬಿಡದ ಹುಡುಗಿ. ಹಾಜರಿ ಕರೆದಾಗ ಮಾತ್ರ ಅವಳ ದನಿ ಕೇಳುತ್ತಿತ್ತು.

"ಮುಟ್ಟಬ್ಯಾಡ್ರಿ ಅಂತ ಎಷ್ಟು ಸಲ ಹೇಳೀನಿ?"

"ನಾ ಏನೂ ಮಾಡಿಲ್ರಿ ಟೀಚರ್."

"ಸುಳ್ಳು ಬ್ಯಾರೆ. ಇದರ ರೊಕ್ಕ ನಿಮ್ಮಪ್ಪ ಕಟ್ಟಿಕೊಡ್ತಾನೇನು?"

ಅಂದೆ. ನಲವತ್ತೊಂದು ಮಕ್ಕಳ ಮುಂದೆ ಅಂದೆ. ಅವಳ ಅಪ್ಪ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋದವನೆಂದು ಗೊತ್ತಿದ್ದೂ ಅಂದೆ. ಹುಡುಗಿ ತಲೆ ತಗ್ಗಿಸಿದಳು. ನಾನು ಅಂದು ಮಧ್ಯಾಹ್ನದವರೆಗೂ ಹೋಗಿ ಬಂದು ಪ್ರಿಂಟ್ ಒತ್ತುತ್ತಲೇ ಇದ್ದೆ. ಕೊನೆಗೆ ಪ್ರಶ್ನೆಗಳನ್ನು ಬೋರ್ಡಿನ ಮೇಲೆ ಬರೆದು ಪರೀಕ್ಷೆ ಮುಗಿಸಿದೆ.

ಗುರುವಾರ ಹುಡುಗಿ ಬರಲಿಲ್ಲ. ಶುಕ್ರವಾರವೂ ಬರಲಿಲ್ಲ. ಅವಳ ಊರಿನಿಂದ ಬರುವ ಇನ್ನೊಬ್ಬ ಹುಡುಗಿಯನ್ನು ಕೇಳಿದೆ. "ಅಕೀ ಬರಂಗಿಲ್ರಿ ಟೀಚರ್. ಅವರವ್ವನ ಜೋಡಿ ಗುಳೇ ಹೊಂಟಾಳ" ಎಂದಳು.

ನಮ್ಮ ಕಡೆಯವರಿಗೆ ಗುಳೇ ಎಂಬ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಕಾಲುವೆಯ ನೀರು ಕಂಡ ಹೊಲಗಳು ಭತ್ತ ಬೆಳೆಯುತ್ತವೆ. ಕಾಣದ ಹೊಲಗಳವರು ಮನೆಗೆ ಬೀಗ ಹಾಕಿ ಬೆಂಗಳೂರಿಗೋ ಪುಣೆಗೋ ಬಸ್ಸು ಹತ್ತುತ್ತಾರೆ. ಹಾಗೆ ಹೋದ ಹದಿನಾಲ್ಕು ಹದಿನೈದರ ಹೆಣ್ಣುಮಕ್ಕಳು ಮರಳಿ ಶಾಲೆಯ ಮೆಟ್ಟಿಲು ಹತ್ತುವುದು ಅಪರೂಪ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಗೈರು, ಗೈರು ಎಂದು ಬರೆಯುತ್ತ ಹೋಗುತ್ತೇವೆ. ಒಂದು ದಿನ ಹೆಸರೇ ಇರುವುದಿಲ್ಲ.

ಅಂದು ಸಂಜೆ ಲ್ಯಾಬಿನಲ್ಲಿ ಒಬ್ಬಳೇ ಕೂತು, ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗೆ ಫೋನ್ ಮಾಡಿದೆ. ಪ್ರಿಂಟರು ಕೆಟ್ಟಿದೆ, ರಿಪೇರಿಗೆ ಎಷ್ಟಾದೀತು ಎಂದು ಕೇಳಿದೆ.

"ಕೆಟ್ಟದ ಅಂತ ಯಾರು ಹೇಳಿದ್ರಿ ಟೀಚರ್? ಅದನ್ನ ಕೇಳಿ ನೋಡೀರೇನು?"

"ಅದನ್ನ ಹೆಂಗ ಕೇಳೂದಪ್ಪ?"

"ಕಂಟ್ರೋಲ್, ಆಲ್ಟ್, ಟಿ. ಮೂರೂ ಕೂಡಿ ಒತ್ರಿ."

ಒತ್ತಿದೆ. ಕರಿಯ ಪರದೆಯೊಂದು ತೆರೆಯಿತು. ಚಿತ್ರವಿಲ್ಲ, ಬಣ್ಣವಿಲ್ಲ, ಮಿಣುಮಿಣುಕುವ ಒಂದು ಗೆರೆ, ಅಷ್ಟೆ. ನಮ್ಮ ಕರಿಹಲಗೆಯಂತೆಯೇ ಇತ್ತು. "ಎಲ್‌ಪಿಸ್ಟ್ಯಾಟ್ ಅಂತ ಕೂಡಿಸಿ ಬರೀರಿ. ಎಲ್ಲಾ ಸಣ್ಣಕ್ಷರ. ಒಂದು ಜಾಗ ಬಿಡ್ರಿ. ಆಮೇಲೆ ಒಂದು ಸಣ್ಣ ಅಡ್ಡಗೆರಿ, ಅದಕ್ಕ ಹತ್ತಿ ಟಿ. ಈಗ ಎಂಟರ್ ಒತ್ರಿ" ಎಂದ. ಮೊದಲ ಸಲ ಜಾಗ ಬಿಡಲು ಮರೆತೆ; ಅಂಥ ಆಜ್ಞೆ ಇಲ್ಲವೆಂದಿತು. ಎರಡನೆಯ ಸಲ ಸಾಲು ಸಾಲಾಗಿ ಇಂಗ್ಲಿಷ್ ಅಕ್ಷರಗಳು ಬಂದವು. ಅವನು ಒಂದೊಂದೇ ಸಾಲನ್ನು ಓದಿಸಿದ.

ಮುದ್ರಣದ ಕೆಲಸ ಹಂಚುವ ವ್ಯವಸ್ಥೆ ನಡೆಯುತ್ತಿದೆ ಎಂದು ಮೊದಲ ಸಾಲು. ಎಲ್ಲ ಕಾಗದಗಳೂ ಹೋಗಬೇಕಾದ ಪ್ರಿಂಟರಿನ ಹೆಸರು 'ಲ್ಯಾಬ್' ಎಂದು ಎರಡನೆಯದು. ಅದು ಯಾವ ತಂತಿಗೆ ಜೋಡಿಸಿದೆ ಎಂದು ಮೂರನೆಯದು. 'ಲ್ಯಾಬ್' ಕೆಲಸಗಳನ್ನು ಸ್ವೀಕರಿಸುತ್ತಿದೆ ಎಂದು ನಾಲ್ಕನೆಯದು. ಐದನೆಯ ಸಾಲು ಬಂದಾಗ ನನ್ನ ಬಾಯಿ ಕಟ್ಟಿತು. 'ಲ್ಯಾಬ್' ಪ್ರಿಂಟರನ್ನು ನಿಲ್ಲಿಸಲಾಗಿದೆ, ಮಂಗಳವಾರ, 5 ಫೆಬ್ರವರಿ 2019, ಸಂಜೆ 4 ಗಂಟೆ 12 ನಿಮಿಷದಿಂದ.

ಅದರ ಕೆಳಗೆ ಸರತಿಯಲ್ಲಿ ನಿಂತ ಕೆಲಸಗಳು. ಲ್ಯಾಬ್-57, ಮಂಗಳವಾರದ್ದು. ಲ್ಯಾಬ್-58ರಿಂದ ಲ್ಯಾಬ್-68ರ ತನಕ ಬುಧವಾರದವು. ಹನ್ನೆರಡೂ ನನ್ನವೇ. ಒಂದೊಂದಕ್ಕೂ ನಲವತ್ತೆರಡು ಪ್ರತಿ. ಎಂದರೆ ಐನೂರಾನಾಲ್ಕು ಹಾಳೆ. ಒಂದು ರೀಮು ಮುಗಿದು ಮೇಲೆ ನಾಲ್ಕು.

"ಹಂಗಂದ್ರ ಕೆಟ್ಟಿಲ್ಲೇನು?"

"ಇಲ್ರಿ ಟೀಚರ್. ನಡುವ ಏನೋ ಆಗ್ಯಾದ, ಕೆಲಸ ಅರ್ಧಕ್ಕ ನಿಂತದ. ಹಂಗಾದಾಗ ಅದು ಸರತಿ ನಿಲ್ಲಿಸಿಬಿಡ್ತದ. ಮತ್ತ ನಡಿ ಅಂತ ಯಾರರ ಹೇಳೂತನಕ ಹಂಗs ಕೂಡ್ತದ. ಹೊಸ ಕಾಗದ ಮಾತ್ರ ತಗೋತಿರ್ತದ."

ನನಗೆ ಸುರಪುರದ ಕಚೇರಿ ಕಣ್ಣಿಗೆ ಕಟ್ಟಿತು. ಟಪಾಲಿನ ಗುಮಾಸ್ತ ಅರ್ಜಿ ತೆಗೆದುಕೊಂಡು, ಆವಕದಲ್ಲಿ ನಂಬರು ಹಾಕಿ, ಒಳಗಿಡುತ್ತಿದ್ದ. ಒಳಗೆ ಸಾಹೇಬರು ರಜೆಯ ಮೇಲಿರುತ್ತಿದ್ದರು. ಅರ್ಜಿ ಸ್ವೀಕೃತವಾಗುವುದು ಬೇರೆ, ಅರ್ಜಿಯ ಕೆಲಸವಾಗುವುದು ಬೇರೆ. ಇದನ್ನು ತಿಳಿಯದ ರೈತ ದಿನಕ್ಕೊಂದು ಅರ್ಜಿ ಬರೆಸುತ್ತಿದ್ದ. ಅಪ್ಪ ಅಂಥವರನ್ನು ದುಡ್ಡು ತೆಗೆದುಕೊಳ್ಳದೆ ಹಿಂದಕ್ಕೆ ಕಳಿಸುತ್ತಿದ್ದರು. "ಮೊದಲನೇದು ಎಲ್ಲಿ ನಿಂತದ ಕೇಳ್ಕೊಂಡು ಬಾ" ಎನ್ನುತ್ತಿದ್ದರು. ಅವರ ಮಗಳು ಅದೇ ಅರ್ಜಿಯನ್ನು ಹನ್ನೆರಡು ಸಲ ಹಾಕಿದ್ದಳು, ಒಮ್ಮೆಯೂ ಕೇಳಿರಲಿಲ್ಲ.

ಬೇಡವಾದವನ್ನು ಮೊದಲು ರದ್ದು ಮಾಡಲು ಹುಡುಗ ಹೇಳಿದ. ಕ್ಯಾನ್ಸಲ್ ಎಂದು ಬರೆದು, ಜಾಗ ಬಿಟ್ಟು, ಕೆಲಸದ ನಂಬರು. ಹನ್ನೊಂದು ಸಲ ಬರೆದೆ. ಎಲ್ಲವನ್ನೂ ಒಮ್ಮೆಲೇ ಅಳಿಸುವ ಉಪಾಯವೂ ಇತ್ತು, ಹೈಫನ್ ಹಚ್ಚಿ ಎ ಎಂದು ಬರೆದರೆ ಸಾಕು. ನನಗೆ ಒಂದೊಂದನ್ನೂ ಬರೆದೇ ಅಳಿಸಬೇಕೆನಿಸಿತು. ಅದು ಮುಗಿದ ಮೇಲೆ ಅವನು, ಸೂಡೊ ಎಂದು ಬರೆದು, ಕಪ್ಸ್‌ಎನೇಬಲ್ ಎಂದು ಬರೆದು, ಪ್ರಿಂಟರಿನ ಹೆಸರು ಬರೆಯಲು ಹೇಳಿದ. ಎಂಟರ್ ಒತ್ತುವ ಮೊದಲು ನಾನು, "ತಡಿ" ಎಂದೆ. ಈ ಆಜ್ಞೆ ಕೊಟ್ಟರೆ ಆ ಐದನೆಯ ಸಾಲು ಹಾಗೆಯೇ ಉಳಿಯುತ್ತದೆಯೇ ಎಂದು ಕೇಳಿದೆ. "ಇಲ್ರಿ, ಬದಲಾಗ್ತದ" ಎಂದ. ಸೀಮೆಸುಣ್ಣದ ಪೆಟ್ಟಿಗೆಯ ರಟ್ಟು ಹರಿದು, ಅದರ ಮೇಲೆ ಆ ಸಾಲನ್ನು ಅಕ್ಷರ ಬಿಡದೆ ಇಳಿಸಿಕೊಂಡೆ. ಆಮೇಲೆ ಎಂಟರ್ ಒತ್ತಿ, ದಾಸ್ತಾನು ವಹಿ ನೋಡಿ ಪಾಸ್‌ವರ್ಡ್ ಬರೆದೆ. ಬರೆಯುವಾಗ ಪರದೆಯ ಮೇಲೆ ಏನೂ ಕಾಣುವುದಿಲ್ಲ, ಚುಕ್ಕೆಯೂ ಮೂಡುವುದಿಲ್ಲ. ಕಣ್ಣು ಮುಚ್ಚಿಕೊಂಡು ಬರೆದಂತೆ. ಒತ್ತಿದ್ದೇ ತಡ, ಪ್ರಿಂಟರು ಗೊರ್ ಎಂದು ಎದ್ದು ಮಂಗಳವಾರದ ಪ್ರಶ್ನೆಪತ್ರಿಕೆಯನ್ನು ಒಂದೊಂದಾಗಿ ಹೊರಗಿಟ್ಟಿತು. ಬೇರೆ ದಿನವಾಗಿದ್ದರೆ ಸಂತೋಷಪಡುತ್ತಿದ್ದೆ. ಅಂದು ಆ ನಲವತ್ತೆರಡು ಹಾಳೆಗಳನ್ನು ಮುಟ್ಟಲೂ ನನಗೆ ಕೈ ಬರಲಿಲ್ಲ.

ಶನಿವಾರ ಮುಂಜಾನೆಯ ಶಾಲೆ ಮುಗಿಸಿ, ರಟ್ಟನ್ನು ಬ್ಯಾಗಿನಲ್ಲಿಟ್ಟುಕೊಂಡು, ಟಂಟಂ ಹತ್ತಿ ಹುಡುಗಿಯ ಊರಿಗೆ ಹೋದೆ. ತಗಡಿನ ಮನೆ. ಬಾಗಿಲಲ್ಲಿ ಎರಡು ಗಂಟು ಕಟ್ಟಿಟ್ಟಿದ್ದರು. ಅವಳ ತಾಯಿ ದಾರಿಯ ಬುತ್ತಿಗೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ಕಂಡು ಗಾಬರಿಯಾಗಿ ಎದ್ದಳು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಅವಳು ಆಡಿದ ಮೊದಲ ಮಾತು ನನಗೆ ಇಂದಿಗೂ ಮರೆಯುವುದಿಲ್ಲ.

"ಮಿಶನ್ನಿಂದು ಎಷ್ಟು ಆಗ್ತದ್ರಿ ಟೀಚರ್? ಒಮ್ಮೆಲೇ ಆಗಂಗಿಲ್ರಿ. ಬೆಂಗಳೂರಿಗಿ ಹೋಗಿ ದುಡದು ಎರಡು ಕಂತಿನ್ಯಾಗ ಕೊಡ್ತೀವ್ರಿ."

ಸಿಟ್ಟಿನಲ್ಲಿ ನಾನು ಆಡಿದ ಒಂದು ಮಾತು ಆ ಮನೆಯಲ್ಲಿ ಮೂರು ದಿನದಿಂದ ಸಾಲವಾಗಿ ಕೂತಿತ್ತು. ಅವರು ಅದಕ್ಕೊಸ್ಕರವೇ ಹೊರಟಿದ್ದರೆಂದು ನಾನು ಹೇಳಲಾರೆ. ಬರಗಾಲ ಇತ್ತು, ಗಂಡ ಅಲ್ಲಿದ್ದ. ಆದರೆ ಮಗಳನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗಬೇಕೆಂದಿದ್ದವಳು, ಸಾಲ ತೀರಿಸಲು ಇನ್ನೆರಡು ಕೈ ಬೇಕಾಗುತ್ತವೆಂದು ಅವಳನ್ನೂ ಕರೆದುಕೊಂಡು ಹೊರಟಿದ್ದಳು.

ನಾನು ಕಟ್ಟೆಯ ಮೇಲೆ ಕೂತೆ. "ಮಿಶನ್ ಕೆಟ್ಟಿಲ್ಲವ್ವ. ಅದನ್ನ ನಿಲ್ಲಿಸಿದಾಕಿ ನಾನು. ನಿನ್ನ ಮಗಳ ತಪ್ಪು ಏನೂ ಇಲ್ಲ. ಸುಳ್ಳು ಹೇಳಿದಾಕಿ ನಾನು" ಎಂದು ರಟ್ಟನ್ನು ಹುಡುಗಿಯ ಕೈಗೆ ಕೊಟ್ಟೆ. ಒಂಬತ್ತನೆಯ ತರಗತಿಯ ಹುಡುಗಿ. ಇಂಗ್ಲಿಷಿನ ವಾರ, ತಾರೀಖು, ವೇಳೆ ಅವಳಿಗೆ ಓದಲು ಬರುತ್ತಿತ್ತು. ಎರಡು ಸಲ ಓದಿದಳು.

"ಮಂಗಳಾರ ಸಂಜಿಗಿ. ನಮ್ಮ ಪಿರಿಯಡ್ ಬುಧವಾರ ಇತ್ತಲ್ರಿ."

"ಹೌದವ್ವ."

"ಇದು ಮಿಶನ್ನಿಗಿ ಹೆಂಗ ಗೊತ್ತಾತ್ರಿ?"

"ಬರದಿಟ್ಟುಕೊಂಡಿತ್ತು. ನಾ ಕೇಳಿರಲಿಲ್ಲ."

ಹುಡುಗಿ ಏನೂ ಅನ್ನಲಿಲ್ಲ. ರಟ್ಟನ್ನು ಮರಳಿ ಕೊಡಲಿಲ್ಲ. ತಾಯಿ ಚಹಾ ಮಾಡಿದಳು. ಮರುದಿನ ಬಸ್ಸಿಗೆ ತಾಯಿಯೊಬ್ಬಳೇ ಹೋದಳು. ಸೋಮವಾರ ಹಾಜರಿ ಕರೆದಾಗ ಹುಡುಗಿಯ ದನಿ ಕೇಳಿತು. ಅಂದು ನಾನು ಇಡೀ ತರಗತಿಯ ಮುಂದೆ, ಅದೇ ಲ್ಯಾಬಿನಲ್ಲಿ, ತಪ್ಪು ನನ್ನದೆಂದು ಹೇಳಿದೆ. ಮಕ್ಕಳ ಮುಂದೆ ಆಡಿದ ಮಾತನ್ನು ಮಕ್ಕಳ ಮುಂದೆಯೇ ಹಿಂದಕ್ಕೆ ತೆಗೆದುಕೊಳ್ಳಬೇಕು. ಸ್ಟಾಫ್ ರೂಮಿನಲ್ಲಿ ಕರೆದು ಹೇಳಿದರೆ ಅದು ಅರ್ಧ ಮಾತು.

ಆ ಮೇಲೆ ನಾವಿಬ್ಬರೂ ಕರಿಯ ಪರದೆಯ ವಿದ್ಯಾರ್ಥಿನಿಯರಾದೆವು. ಬೆಂಗಳೂರಿನ ಹುಡುಗ ಫೋನಿನಲ್ಲಿ ಹೇಳಿದ್ದನ್ನು ಅವಳು ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಕಾಗದ ಕಳಿಸುವ ಆಜ್ಞೆ ಎಲ್‌ಪಿ. ಹೈಫನ್ ಡಿ ಎಂದರೆ ಯಾವ ಪ್ರಿಂಟರಿಗೆ, ಹೈಫನ್ ಎನ್ ಎಂದರೆ ಎಷ್ಟು ಪ್ರತಿ, ಕೊನೆಗೆ ಕಡತದ ಹೆಸರು. ಯಾರಿಗೆ, ಎಷ್ಟು, ಏನು. ಯಾರು ಕೇಳುತ್ತಾರೆಂಬುದನ್ನು ಅದು ತಾನೇ ಬರೆದುಕೊಂಡು, ಅರ್ಜಿಯ ನಂಬರು ಹೇಳಿ ಕಳಿಸುತ್ತದೆ. ನಮ್ಮಪ್ಪನ ನಾಲ್ಕು ಪ್ರಶ್ನೆಗಳನ್ನು ಈ ಯುನಿಕ್ಸಿನವರು ಎಲ್ಲಿ ಕದ್ದರೋ!

ಎಲ್‌ಪಿ ಎಂದರೆ ಲೈನ್ ಪ್ರಿಂಟರ್, ಒಮ್ಮೆಗೆ ಒಂದು ಸಾಲನ್ನು ಒತ್ತುತ್ತಿದ್ದ ಹಳೆಯ ಯಂತ್ರ. ಆ ಯಂತ್ರಗಳು ಮೂಲೆ ಸೇರಿದವು, ಹೆಸರು ಉಳಿಯಿತು. ಎ.ಟಿ. ಅಂಡ್ ಟಿ.ಯವರ ಯುನಿಕ್ಸಿನಲ್ಲಿ ಇದನ್ನು ಎಲ್‌ಪಿ ಎಂದರೆ, ಬರ್ಕ್ಲಿ ವಿಶ್ವವಿದ್ಯಾಲಯದವರ ಯುನಿಕ್ಸಿನಲ್ಲಿ ಎಲ್‌ಪಿಆರ್ ಎನ್ನುತ್ತಿದ್ದರಂತೆ. ಮೈಕೆಲ್ ಸ್ವೀಟ್ ಎಂಬವರು 1997ರಲ್ಲಿ ಕಟ್ಟಲು ತೊಡಗಿ 1999ರಲ್ಲಿ ಹೊರತಂದ ಕಪ್ಸ್ ಎಂಬ ವ್ಯವಸ್ಥೆ ಎರಡು ಮಾತನ್ನೂ ಒಪ್ಪಿಕೊಂಡಿತು. ನಮ್ಮ ಸುರಪುರದಲ್ಲಿ ಅರ್ಜಿ ಎಂದರೂ ದರಖಾಸ್ತು ಎಂದರೂ ಕೆಲಸ ಸಾಗುತ್ತಿದ್ದ ಹಾಗೆ.

ಪ್ರಿಂಟರನ್ನೇ ಪಳಗಿಸುವ ಆಜ್ಞೆ ಎಲ್‌ಪಿಅಡ್ಮಿನ್. ಹೊಸ ಪ್ರಿಂಟರನ್ನು ಸೇರಿಸುವುದು, ಹಳೆಯದನ್ನು ತೆಗೆದುಹಾಕುವುದು, ಎಲ್ಲ ಕಾಗದಗಳೂ ಯಾವುದಕ್ಕೆ ಹೋಗಬೇಕೆಂದು ಗೊತ್ತು ಮಾಡುವುದು, ಎಲ್ಲವೂ ಅದರ ಕೈಯಲ್ಲಿ. ಅದರಲ್ಲಿ ಒಂದು ಕಟ್ಟಳೆ ನನಗೆ ಬಹಳ ಹಿಡಿಸಿತು. ಕೆಲಸ ನಡುವೆ ನಿಂತರೆ ಪ್ರಿಂಟರು ಏನು ಮಾಡಬೇಕೆಂದು ಮೊದಲೇ ಹೇಳಿಡಬಹುದು: ಸರತಿಯನ್ನೇ ನಿಲ್ಲಿಸಿಬಿಡಬೇಕೋ, ಆ ಕೆಲಸವನ್ನು ಕೈಬಿಡಬೇಕೋ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಯತ್ನಿಸಬೇಕೋ. ನಮ್ಮದು ಮೊದಲನೆಯ ಕಟ್ಟಳೆಯಲ್ಲಿತ್ತು. ಹುಡುಗಿ ತಾನೇ ಕೂತು, ಒಂದು ಅಕ್ಷರ ತಪ್ಪದೆ ಬರೆದು, ಅದನ್ನು ಮೂರನೆಯದಕ್ಕೆ ಬದಲಿಸಿದಳು. ಮತ್ತೆ ಯತ್ನಿಸುವುದಕ್ಕೆ.

ತೆರೆದು ನೋಡುವುದು ಎಂದು ಯಾದಗಿರಿಯ ತರಬೇತಿಯಲ್ಲಿ ಹೇಳಿದ್ದರ ಅರ್ಥವೂ ನನಗೆ ಆಗಲೇ ಹೊಳೆದದ್ದು. ಅಮೆರಿಕದ ಎಂ.ಐ.ಟಿ.ಯಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬವರಿದ್ದರು. ಅಲ್ಲಿಯ ಹಳೆಯ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ, ಕಾಯುತ್ತಿರುವವರಿಗೆಲ್ಲ ಸುದ್ದಿ ಮುಟ್ಟುವಂತೆ ಅದರ ಪ್ರೋಗ್ರಾಮನ್ನು ಅವರು ತಿದ್ದಿದ್ದರು. 1980ರ ಸುಮಾರಿಗೆ ಬಂದ ಹೊಸ ಲೇಸರ್ ಪ್ರಿಂಟರಿನ ಪ್ರೋಗ್ರಾಮನ್ನು ತಿದ್ದಲು ಮೂಲವೇ ಅವರ ಕೈಗೆ ಸಿಗಲಿಲ್ಲ. ಈ ಕಹಿ ಅವರ ಮನಸ್ಸಿನಲ್ಲಿ ಉಳಿಯಿತು. 1983ರಲ್ಲಿ ಅವರು ಸಾರಿದ ಗ್ನೂ ಯೋಜನೆಯಿಂದಲೇ ಸ್ವತಂತ್ರ ತಂತ್ರಾಂಶದ ಚಳವಳಿ ಬೆಳೆಯಿತು. ನಮ್ಮ ಶಾಲೆಯ ಉಬುಂಟು ಆ ಬಳ್ಳಿಯದೇ. ಯಂತ್ರ ನಿಂತರೆ, ಯಾಕೆ ನಿಂತಿತೆಂದು ಕೇಳುವ ಹಕ್ಕು ಕೇಳುವವರಿಗಿರಬೇಕು ಎಂಬ ಹಟ ಅದು. ದೊಡ್ಡ ಹಟವೇ. ಆದರೆ ಹಕ್ಕಿದ್ದೂ ಕೇಳದವರಿಗೆ ಯಾರೇನು ಮಾಡಿಯಾರು?

ಮುಂದಿನ ವರ್ಷ ಆ ಹುಡುಗಿ ಹತ್ತನೆಯ ತರಗತಿ. 2020ರ ಮಾರ್ಚಿಯಲ್ಲಿ ಆಗಬೇಕಿದ್ದ ಎಸ್.ಎಸ್.ಎಲ್.ಸಿ. ಪರೀಕ್ಷೆ ಕೊರೊನಾದಿಂದ ಮುಂದೆ ಹೋಯಿತು. ಲಾಕ್‌ಡೌನಿನಲ್ಲಿ ಅವಳ ಅಪ್ಪ ಅವ್ವ ಬೆಂಗಳೂರಿನಿಂದ ಊರಿಗೆ ಮರಳಿದರು. ಜೂನ್ 25ರಂದು ಪರೀಕ್ಷೆ ಶುರುವಾದಾಗ, ಮುಖಕ್ಕೆ ಮಾಸ್ಕು ಕಟ್ಟಿಕೊಂಡು, ದೂರ ದೂರ ಕೂತು ಮಕ್ಕಳು ಬರೆದರು. ಅವಳೂ ಬರೆದಳು, ಪಾಸಾದಳು.

ವರ್ಗಾವಣೆ ಪತ್ರ ಒಯ್ಯಲು ಬಂದವಳು ಲ್ಯಾಬಿಗೂ ಬಂದಳು. ಅಂಕಿ, ಆಜ್ಞೆ ತುಂಬಿದ ಆ ನೋಟುಬುಕ್ಕನ್ನು ನನ್ನ ಮೇಜಿನ ಮೇಲಿಟ್ಟು, "ಇದು ಇಲ್ಲೇ ಇರ್ಲಿ ಟೀಚರ್, ಮುಂದಿನವರಿಗಿ ಬೇಕಾಗ್ತದ" ಎಂದಳು. ರಟ್ಟಿನ ತುಂಡು ಎಲ್ಲಿ ಎಂದು ಕೇಳಿದೆ. "ಅದು ನಂದ್ರಿ" ಎಂದು ನಕ್ಕಳು.

ನೋಟುಬುಕ್ಕು ಈಗಲೂ ಲ್ಯಾಬಿನಲ್ಲಿದೆ. ಮೊದಲ ಪುಟದಲ್ಲಿ ಅವಳ ದುಂಡಗಿನ ಅಕ್ಷರದಲ್ಲಿ ಎಲ್‌ಪಿಸ್ಟ್ಯಾಟ್ ಎಂದು ಬರೆದು, ಅದರ ಎದುರಿಗೆ 'ಮೊದಲು ಕೇಳಬೇಕು' ಎಂದು ಅರ್ಥ ಬರೆದಿದ್ದಾಳೆ. ಪ್ರಿಂಟರು ನಿಂತ ದಿನ ಮಕ್ಕಳು ಆ ಪುಟ ತೆಗೆಯುತ್ತಾರೆ. ತರಗತಿಯಲ್ಲಿ ಯಾವುದಾದರೂ ಮಗುವಿನ ಮೇಲೆ ನನ್ನ ದನಿ ಏರುವ ಹೊತ್ತಿಗೆ, ನಾನೂ ತೆಗೆಯುತ್ತೇನೆ.